ಹೂವು ಬಾಡುವುದರೊಳಗೆ: ಹೊರದೇಶದ ಹೂಗಳ ಹಳೆಯ ಚಿತ್ರಗಳನ್ನು ಓದುವ ಬಗೆ

ಹಳೆಯ ಸಸ್ಯಚಿತ್ರವೊಂದು ಕೈಗೆ ಬಂದರೆ ಮೊದಲು ಅದರ ಚೆಲುವನ್ನು ನೋಡುತ್ತೇವೆ, ಆಮೇಲೆ ಕೆಳಗಿರುವ ಹೆಸರು ಓದುತ್ತೇವೆ. ಇವತ್ತು ಇನ್ನೊಂದು ಪ್ರಶ್ನೆಯನ್ನು ನಿಮಗೆ ರೂಢಿ ಮಾಡಿಸಬೇಕೆಂಬುದು ನನ್ನಾಸೆ. ಚಿತ್ರ ಬರೆದವರ ಮುಂದೆ ಆ ಹೊತ್ತಿನಲ್ಲಿ ಏನಿತ್ತು? ಬೇರು ಸಮೇತ ಇದ್ದ ಗಿಡವೋ, ಪೆಟ್ಟಿಗೆಯಲ್ಲಿ ಬಂದ ಕೊಯ್ದ ಹೂವೋ, ಕಾಗದದ ನಡುವೆ ಒತ್ತಿ ಒಣಗಿಸಿದ ಮಾದರಿಯೋ, ಇಲ್ಲ ಬೇರೊಬ್ಬರು ಬರೆದ ಚಿತ್ರವೋ? ತಮ್ಮ ಹಿತ್ತಲಿನ ಹೂವನ್ನು ಬರೆಯುವವರಿಗೆ ಸಂಶಯ ಬಂದರೆ ಮುಂದಿನ ವರ್ಷ ಮತ್ತೆ ನೋಡಿ ತಿದ್ದಬಹುದು. ಸಮುದ್ರದಾಚೆಯ ಹೂವಿಗೆ ಆ ಅನುಕೂಲ ಇಲ್ಲ. ಅದು ಒಮ್ಮೆ ಕಾಣುತ್ತದೆ, ಸಂಜೆಯ ಹೊತ್ತಿಗೆ ಬಾಡುತ್ತದೆ. ಈ ಚಿತ್ರಗಳ ಹಿರಿಮೆ, ತಪ್ಪು, ಅವುಗಳಿಗಾಗಿ ಹುಟ್ಟಿದ ಒಳ್ಳೊಳ್ಳೆಯ ಉಪಾಯಗಳು, ಎಲ್ಲವೂ ಆ ಒಂದು ಅವಸರದಿಂದ ಬಂದವು.

1542ರಲ್ಲಿ ಬಾಸೆಲ್‌ನಲ್ಲಿ ಅಚ್ಚಾದ ಲಿಯೊನಾರ್ಡ್ ಫುಕ್ಸ್ ಅವರ ಸಸ್ಯಗ್ರಂಥದಲ್ಲಿ ಸುಮಾರು 500 ಮರದಚ್ಚಿನ ಚಿತ್ರಗಳಿವೆ. ಚಿತ್ರ ಬರೆದ ಆಲ್ಬ್ರೆಕ್ಟ್ ಮೆಯರ್, ಅದನ್ನು ಮರದ ಹಲಗೆಗೆ ಇಳಿಸಿದ ಹೈನ್ರಿಕ್ ಫುಲ್‌ಮೌರರ್, ಹಲಗೆ ಕೊರೆದ ಫೈಟ್ ರುಡಾಲ್ಫ್ ಸ್ಪೆಕ್ಲೆ, ಈ ಮೂವರ ಮುಖಗಳನ್ನೂ ಪುಸ್ತಕದಲ್ಲೇ ಹಾಕಿದ್ದಾರೆ. ಕೆಲಸಗಾರರಿಗೆ ಇಷ್ಟು ಮರ್ಯಾದೆ ಕೊಟ್ಟ ಪುಸ್ತಕ ಆ ಕಾಲದಲ್ಲಿ ಅಪರೂಪ. ಅಮೆರಿಕದಿಂದ ಬಂದ ಮೆಣಸಿನಕಾಯಿ ಗಿಡ ಅದರಲ್ಲಿ ಹೂವು, ಕಾಯಿ ಸಮೇತ ಇದೆ. ಫುಕ್ಸ್ ಅದನ್ನು ಕರೆದದ್ದು ಕಲ್ಲಿಕೋಟೆಯ ಮೆಣಸು ಎಂದು! ಮೆಕ್ಸಿಕೊದ ಚೆಂಡುಹೂವೂ ಅದೇ ಪುಸ್ತಕದಲ್ಲಿ ಇಂಡಿಯಾದ ಹೂವಾಗಿದೆ. ಗಿಡ ಕಣ್ಣೆದುರಿಗೆ ಇದ್ದುದರಿಂದ ಚಿತ್ರ ಸರಿಯಾಗಿದೆ. ಊರು ಮಾತ್ರ ಬಾಯಿಂದ ಬಾಯಿಗೆ ಬಂದ ಸುದ್ದಿ, ಅದು ತಪ್ಪಿದೆ. ಹಳೆಯ ಪುಸ್ತಕಗಳಲ್ಲಿ ಚಿತ್ರದ ಸಾಕ್ಷಿಗೆ ಒಂದು ತೂಕ, ಅಕ್ಷರದ ಸಾಕ್ಷಿಗೆ ಇನ್ನೊಂದು ತೂಕ ಎಂಬುದನ್ನು ನೆನಪಿಡಿ.

ಫುಕ್ಸ್ ಅವರ ಪುಸ್ತಕದಲ್ಲಿ ಒಂದೇ ಗಿಡದಲ್ಲಿ ಬಿಳಿ, ಹಳದಿ, ನೇರಳೆ ಹೂ ಬಿಟ್ಟ ಚಿತ್ರವೂ ಇದೆ. ಅಂಥ ಗಿಡ ಲೋಕದಲ್ಲಿಲ್ಲ. ಮೂರು ಬಗೆಯವನ್ನು ಒಂದೇ ಹಲಗೆಯಲ್ಲಿ ತೋರಿಸಿದರೆ ಖರ್ಚು ಕಡಿಮೆ ಎಂಬ ಲೆಕ್ಕ ಅದು. ಹಾಗಾಗಿ ಒಂದು ಹಾಳೆಯಲ್ಲಿರುವುದು ಒಂದೇ ಗಿಡ ಎಂದುಕೊಳ್ಳುವ ಹಾಗಿಲ್ಲ. ಮೊಗ್ಗು, ಅರಳಿದ ಹೂ, ಬಲಿತ ಕಾಯಿ ಒಂದೇ ರೆಂಬೆಯಲ್ಲಿ ಕಂಡರೆ, ಅದು ತಿಂಗಳುಗಟ್ಟಲೆ ಬಿಟ್ಟು ಬಿಟ್ಟು ನೋಡಿದ್ದನ್ನು ಒಂದುಗೂಡಿಸಿದ ಚಿತ್ರ ಎಂದು ತಿಳಿಯಿರಿ.

1613ರಲ್ಲಿ ಬಂದ ಬೆಸ್ಲರ್ ಅವರ ಐಶ್ಟೆಟ್ ತೋಟದ ಪುಸ್ತಕಕ್ಕೆ ಬರೋಣ. 367 ತಾಮ್ರದಚ್ಚಿನ ಹಾಳೆಗಳು, ಸಾವಿರಕ್ಕೂ ಹೆಚ್ಚು ಬಗೆಯ ಗಿಡಗಳು. ತೋಟ ಐಶ್ಟೆಟ್‌ನ ಬಿಷಪ್ಪರದು, ಚಿತ್ರಕಾರರು ಇದ್ದದ್ದು ನ್ಯೂರೆಂಬರ್ಗ್‌ನಲ್ಲಿ. ಆದ್ದರಿಂದ ವಾರಕ್ಕೆ ಒಂದೆರಡು ಪೆಟ್ಟಿಗೆ ತಾಜಾ ಹೂಗಳನ್ನು ಅಲ್ಲಿಗೆ ಕಳಿಸುತ್ತಿದ್ದರು. ಇಷ್ಟು ಗೊತ್ತಾದ ಮೇಲೆ ಆ ಹಾಳೆಗಳನ್ನು ನೋಡಿದರೆ ಹಲವು ಸಂಗತಿಗಳು ಬಿಡಿಸಿಕೊಳ್ಳುತ್ತವೆ. ಹೂವಿನ ತಲೆ ಬಹಳ ನಿಖರವಾಗಿರುತ್ತದೆ. ಪೆಟ್ಟಿಗೆಯಲ್ಲಿ ಹಿಡಿಯದ ಎತ್ತರದ ಕಾಂಡ, ಕವಲೊಡೆಯುವ ರೀತಿ, ಬುಡದ ಎಲೆಗಳು ಹಾಳೆಯ ಅಂದಕ್ಕೆ ತಕ್ಕಂತೆ ಜೋಡಿಸಿದಂತೆ ಕಾಣುತ್ತವೆ. ಸೂರ್ಯಕಾಂತಿಯಂಥ ಗಿಡ ಆಳೆತ್ತರ ಬೆಳೆಯುತ್ತದೆ. ನಿಜವಾದ ಅಳತೆಯಲ್ಲೇ ಬರೆಯಬೇಕೆಂದರೆ ಹೂವೊಂದೇ ಹಾಳೆ ತುಂಬುತ್ತದೆ. ಹೀಗಾದಾಗ ಚಿತ್ರಕಾರರಿಗೆ ಮೂರು ದಾರಿ: ಕಾಂಡವನ್ನು ಮುರಿದಂತೆ ಮಡಚಿ ತೋರಿಸುವುದು, ತುಂಡರಿಸಿ ಪಕ್ಕಪಕ್ಕದಲ್ಲಿ ಇಡುವುದು, ಅಥವಾ ಹೂವನ್ನು ನಿಜ ಅಳತೆಯಲ್ಲಿ ಬರೆದು ಇಡೀ ಗಿಡವನ್ನು ಮೂಲೆಯಲ್ಲಿ ಚಿಕ್ಕದಾಗಿ ತೋರಿಸುವುದು. ನನಗೆ ಮೂರನೆಯದೇ ಪ್ರಾಮಾಣಿಕ ದಾರಿ ಎನಿಸುತ್ತದೆ.

ಟುಲಿಪ್ ವಿಷಯ ಸ್ವಲ್ಪ ಪಕ್ಕದ್ದು, ಆದರೂ ಇಲ್ಲೇ ಹೇಳಿಬಿಡುತ್ತೇನೆ. ಕಾನ್ರಾಡ್ ಗೆಸ್ನರ್ ಅದನ್ನು 1559ರಲ್ಲಿ ಆಗ್ಸ್‌ಬರ್ಗ್‌ನ ತೋಟವೊಂದರಲ್ಲಿ ಕಂಡು, 1561ರಲ್ಲಿ ಚಿತ್ರ ಸಮೇತ ಅಚ್ಚು ಹಾಕಿಸಿದರು. ಮುಂದಿನ ಶತಮಾನದ ಡಚ್ ಚಿತ್ರಗಳಲ್ಲಿ ಬಿಳಿಯ ಮೇಲೆ ಕೆಂಪು ಜ್ವಾಲೆ ಹರಿದಂತಿರುವ ಟುಲಿಪ್‌ಗಳನ್ನು ನೀವು ನೋಡಿರುತ್ತೀರಿ. ಅದು ಚಿತ್ರಕಾರರ ಕಲ್ಪನೆಯಲ್ಲ, ರೋಗ. ಸಸ್ಯಹೇನುಗಳು ಹರಡುವ ವೈರಸ್ ಎಸಳಿನ ಬಣ್ಣವನ್ನು ಅಲ್ಲಲ್ಲಿ ಒಡೆಯುತ್ತದೆ, ಗೆಡ್ಡೆಯನ್ನು ವರ್ಷದಿಂದ ವರ್ಷಕ್ಕೆ ಸೊರಗಿಸುತ್ತದೆ. ಇದು ರುಜುವಾತಾದದ್ದು 1920ರ ದಶಕದಲ್ಲಿ. ಚಿತ್ರಕಾರರು ಮಾತ್ರ ಮುನ್ನೂರು ವರ್ಷ ಮೊದಲೇ ರೋಗಲಕ್ಷಣವನ್ನು ಗೆರೆ ತಪ್ಪದೆ ದಾಖಲಿಸಿದ್ದರು.

ಇನ್ನು ಕೆಲಸದ ಕ್ರಮ. ಹೂವನ್ನು ಬೆಳಗಿನ ತಂಪಿನಲ್ಲಿ ಕೊಯ್ದು ತೊಟ್ಟನ್ನು ಕೂಡಲೇ ನೀರಿಗೆ ಇಳಿಬಿಡಬೇಕು. ಮೊದಲು ಬರೆಯುವುದು ಹೂವನ್ನು, ಅದರಲ್ಲೂ ಬಣ್ಣವನ್ನು. ಆಕಾರವನ್ನು ಬಾಡಿದ ಮೇಲೂ ಅಳೆದು ತಿಳಿಯಬಹುದು, ಹೋದ ಬಣ್ಣ ಮತ್ತೆ ಬರುವುದಿಲ್ಲ. ಎಸಳಿನ ಉದ್ದ, ಕೊಳವೆಯ ಅಗಲ, ಕೇಸರ ಹೊರಗೆ ಚಾಚಿದ ಅಳತೆಯನ್ನು ಕೈವಾರದ ಎರಡು ಮೊನೆಗಳಿಂದ ಹಿಡಿದು ನೇರವಾಗಿ ಕಾಗದಕ್ಕೆ ತರುತ್ತಾರೆ, ಕಣ್ಣಳತೆಯನ್ನು ನಂಬುವುದಿಲ್ಲ. ಆಮೇಲೆ ಎಲೆ. ಎಲೆಗೆ ಮೊದಲು ನಡುನರ, ಆಮೇಲೆ ಅಂಚು. ಅಂಚನ್ನು ಮೊದಲು ಬರೆದರೆ ಎಲೆ ತಿರುಚಿಕೊಂಡ ಕಡೆ ಆಚೆ ಬದಿಯ ನರ ಈಚೆ ಬದಿಯದಕ್ಕೆ ಕೂಡುವುದಿಲ್ಲ. ಎಲೆ ಕಾಂಡಕ್ಕೆ ಸೇರುವ ಜಾಗವನ್ನು ಹತ್ತಿರದಿಂದ ನೋಡಿ ಬರೆಯಬೇಕು, ಹಳೆಯ ಚಿತ್ರಗಳು ಹೆಚ್ಚಾಗಿ ಎಡವುವುದು ಅಲ್ಲೇ. ಕೊನೆಗೆ, ಬೇರೆಯಾಗಿ ಇಟ್ಟುಕೊಂಡ ಇನ್ನೊಂದು ಹೂವನ್ನು ಸೀಳಿ ಮಸೂರದಡಿ ಕೇಸರಗಳನ್ನು ಎಣಿಸುವುದು, ಅಂಡಾಶಯವನ್ನು ಅಡ್ಡಕ್ಕೂ ಉದ್ದಕ್ಕೂ ಕೊಯ್ದು ನೋಡುವುದು. ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನೇಯಸ್ ಕೇಸರಗಳ ಎಣಿಕೆಯ ಮೇಲೆ ಸಸ್ಯಗಳನ್ನು ವಿಂಗಡಿಸಿದ ಮೇಲೆ ಈ ಕೊನೆಯ ಹೆಜ್ಜೆಗೆ ಎಲ್ಲಿಲ್ಲದ ಬೆಲೆ ಬಂತು. ಆ ವಿಂಗಡಣೆಯ 24 ವರ್ಗಗಳನ್ನು 1736ರಲ್ಲಿ ಒಂದೇ ಹಾಳೆಯಲ್ಲಿ ಬಿಡಿಸಿ ತೋರಿಸಿದವರು ಗೇಯೋರ್ಗ್ ಡಿಯೊನಿಸಿಯಸ್ ಎಹ್ರೆಟ್. ಸಸ್ಯಚಿತ್ರದ ಕೆಳಭಾಗದಲ್ಲಿ ಹೂವಿನ ಬಿಡಿಭಾಗಗಳನ್ನು ಸಾಲಾಗಿ ಇಡುವ ಪದ್ಧತಿ ಗಟ್ಟಿಯಾದದ್ದು ಆ ತಲೆಮಾರಿನವರ ಕೈಯಲ್ಲೇ.

ಈ ಕ್ರಮವನ್ನು ಹಡಗಿನಲ್ಲಿ ಪಾಲಿಸುವುದು ಹೇಗೆ? ಸಿಡ್ನಿ ಪಾರ್ಕಿನ್ಸನ್ 1768ರಲ್ಲಿ ಸಸ್ಯಶಾಸ್ತ್ರಜ್ಞ ಜೋಸೆಫ್ ಬ್ಯಾಂಕ್ಸ್ ಅವರ ಚಿತ್ರಕಾರರಾಗಿ ಕ್ಯಾಪ್ಟನ್ ಕುಕ್ ಅವರ ಎಂಡೆವರ್ ಹಡಗನ್ನು ಹತ್ತಿದರು. ತಾಹಿತಿಯಲ್ಲಿ ನೊಣಗಳು ಕಾಗದಕ್ಕೆ ಬಳಿದ ಬಣ್ಣವನ್ನು ಬಳಿದಷ್ಟೇ ವೇಗವಾಗಿ ತಿಂದುಬಿಡುತ್ತಿದ್ದವೆಂದು ಬ್ಯಾಂಕ್ಸ್ ದಿನಚರಿಯಲ್ಲಿ ಬರೆದಿದ್ದಾರೆ. ಬಣ್ಣಕ್ಕೆ ಕಲಸುತ್ತಿದ್ದುದು ಮರದ ಗೋಂದು, ತಿನ್ನುವ ವಸ್ತುವೇ ತಾನೆ! ಮೇಜು, ಕುರ್ಚಿ, ಚಿತ್ರಕಾರ ಎಲ್ಲವನ್ನೂ ಸೊಳ್ಳೆಪರದೆಯೊಳಗೆ ಕೂರಿಸಿದರೂ ಪೂರ್ತಿ ಪರಿಹಾರ ಸಿಗಲಿಲ್ಲ. 1770ರಲ್ಲಿ ಆಸ್ಟ್ರೇಲಿಯದ ಬಾಟನಿ ಬೇಯಲ್ಲಿ ಗಿಡಗಳು ರಾಶಿ ರಾಶಿಯಾಗಿ ಬಂದವು. ಒದ್ದೆ ಬಟ್ಟೆ ಸುತ್ತಿ ತಗಡಿನ ಪೆಟ್ಟಿಗೆಯಲ್ಲಿಟ್ಟು ಅವುಗಳ ಬಾಡುವಿಕೆಯನ್ನು ತಡೆಹಿಡಿದರು. ಪಾರ್ಕಿನ್ಸನ್ 14 ದಿನಗಳಲ್ಲಿ 94 ಕರಡುಗಳನ್ನು ಬರೆದರು, ಅಂದರೆ ದಿನಕ್ಕೆ ಆರೇಳು.

ಇಷ್ಟು ವೇಗ ಹೇಗೆ ಸಾಧ್ಯವಾಯಿತು ನೋಡಿ. ಅವರು ಗಿಡದ ಹೊರಗೆರೆಯನ್ನು ಪೂರ್ತಿ ಬರೆಯುತ್ತಿದ್ದರು. ಬಣ್ಣವನ್ನು ಮಾತ್ರ ಒಂದು ಎಲೆಗೆ, ಒಂದು ಹೂವಿಗೆ, ಒಂದು ಮೊಗ್ಗಿಗೆ ಹಾಕಿ ನಿಲ್ಲಿಸುತ್ತಿದ್ದರು. ಎಲೆಯ ಬೆನ್ನು ಎಂಥ ಹಸಿರು, ತೊಟ್ಟಿನ ಮೇಲೆ ಎಂಥ ಕೆಂಪು ಛಾಯೆ ಎಂಬುದನ್ನು ಬರಹದಲ್ಲಿ ಗುರುತಿಸುತ್ತಿದ್ದರು. ಉಳಿದದ್ದನ್ನು ಊರಿಗೆ ಮರಳಿ ಮುಗಿಸುವ ಯೋಚನೆ. ಆದರೆ ಬಟೇವಿಯಾದಲ್ಲಿ (ಇಂದಿನ ಜಕಾರ್ತ) ಹಿಡಿದ ಕಾಯಿಲೆಯಿಂದ 1771ರ ಜನವರಿಯಲ್ಲಿ ನಡುಸಮುದ್ರದಲ್ಲೇ ತೀರಿಕೊಂಡರು. ಚಿತ್ರಗಳಲ್ಲಿ ಅರ್ಧಕ್ಕಿಂತ ಹೆಚ್ಚು ಅಪೂರ್ಣವಾಗಿದ್ದವು. ಅವನ್ನು ಮುಗಿಸಿದವರು ಲಂಡನ್ನಿನ ಬೇರೆ ಕಲಾವಿದರು, ಪಾರ್ಕಿನ್ಸನ್‌ರ ಟಿಪ್ಪಣಿ ಮತ್ತು ಒಣಗಿದ ಮಾದರಿಗಳನ್ನು ಮುಂದಿಟ್ಟುಕೊಂಡು. ಆ ಹೂಗಳನ್ನು ಅವರಲ್ಲಿ ಯಾರೂ ಅವುಗಳ ನೆಲದಲ್ಲಿ ಕಂಡವರಲ್ಲ. ಬ್ಯಾಂಕ್ಸ್ 743 ತಾಮ್ರದ ತಗಡುಗಳನ್ನು ಕೊರೆಸಿಯೂ ಪ್ರಕಟಿಸಲಿಲ್ಲ. ಅದೇ ತಗಡುಗಳಿಂದ ಇಡೀ ಸಂಗ್ರಹ ಬಣ್ಣದಲ್ಲಿ ಅಚ್ಚಾದದ್ದು 1980ರಿಂದ 1990ರ ನಡುವೆ.

ಇದೇ ತೊಡಕಿಗೆ ಇನ್ನೂ ಚೊಕ್ಕವಾದ ಉತ್ತರ ಕಂಡುಕೊಂಡವರು ಫರ್ಡಿನೆಂಡ್ ಬಾವರ್. 1801ರಲ್ಲಿ ಫ್ಲಿಂಡರ್ಸ್ ಅವರ ಇನ್ವೆಸ್ಟಿಗೇಟರ್ ಹಡಗಿನಲ್ಲಿ ಆಸ್ಟ್ರೇಲಿಯಕ್ಕೆ ಹೊರಟರು. ಅವರ ಕರಡು ಹಾಳೆ ನೋಡಿದರೆ ಮೊದಲಿಗೆ ಏನೂ ಅರ್ಥವಾಗುವುದಿಲ್ಲ: ಸೀಸದ ಕಡ್ಡಿಯ ತೆಳು ಗೆರೆ, ಅದರ ತುಂಬ ಇರುವೆ ಸಾಲಿನಂತೆ ಅಂಕಿಗಳು. ಒಂದೊಂದು ಅಂಕಿಯೂ ಒಂದು ನಿರ್ದಿಷ್ಟ ಬಣ್ಣದ ಗುರುತು. ಎಸಳಿನ ಬುಡಕ್ಕೆ ಒಂದು ಅಂಕಿ, ನಡುವಿಗೆ ಒಂದು, ತುದಿಗೆ ಒಂದು, ನೆರಳಿನ ಬದಿಗೆ ಮತ್ತೊಂದು. ಮೊದಲು ಗ್ರೀಸ್ ಪ್ರವಾಸದಲ್ಲಿ ಕೆಲವು ನೂರು ಅಂಕಿಗಳಲ್ಲಿ ಕೆಲಸ ಸಾಗಿತ್ತು. ಆಸ್ಟ್ರೇಲಿಯದಲ್ಲಿ ಆ ಅಂಕಿಗಳು ಹತ್ತಿರ ಹತ್ತಿರ ಸಾವಿರ ಮುಟ್ಟಿದವು. ಬೂದಿ ಮೆತ್ತಿದಂಥ ಎಲೆಗಳು, ಅಲ್ಲಿನ ಹೂಗಳ ಕೆಂಪು, ಇವಕ್ಕೆ ಯೂರೋಪಿನ ಹಸಿರು ಕೆಂಪುಗಳು ಸಾಲಲಿಲ್ಲ. ಎರಡು ಸಾವಿರಕ್ಕೂ ಹೆಚ್ಚು ಕರಡುಗಳೊಂದಿಗೆ 1805ರಲ್ಲಿ ಮರಳಿದರು. ವರ್ಷಗಳ ನಂತರ ಆ ಅಂಕಿಗಳನ್ನು ಓದಿ ಬಣ್ಣ ತುಂಬಿದರು. ಹಾಗೆ ಮುಗಿಸಿದ ಚಿತ್ರಗಳ ಬಣ್ಣ ಜೀವಂತ ಹೂವಿಗೆ ಎಷ್ಟು ಹತ್ತಿರವಿದೆ ಎಂಬುದನ್ನು ಕಂಡಾಗ, ಈ ಕಲೆಯಲ್ಲಿ ಅವರಿಗಿಂತ ಮೇಲಿನವರಿಲ್ಲ ಎಂದು ಹೇಳಲು ನನಗೆ ಅಳುಕಿಲ್ಲ. ಆದರೂ 1813ರಿಂದ ಅವರು ಹೊರತಂದ ಆಸ್ಟ್ರೇಲಿಯದ ಸಸ್ಯಗಳ ಪುಸ್ತಕ 15 ಹಾಳೆಗಳಿಗೇ ನಿಂತಿತು. ತಮ್ಮ ಮಟ್ಟಕ್ಕೆ ಕೊರೆಯುವವರು, ಬಣ್ಣ ಹಾಕುವವರು ಸಿಗದೆ ತಗಡನ್ನೂ ತಾವೇ ಕೊರೆದರು. ಕೊಳ್ಳುವವರು ಬರಲಿಲ್ಲ.

ಒಣ ಮಾದರಿಯೊಂದೇ ಮುಂದಿದ್ದರೆ ಏನು ಮಾಡುವುದು? ಒತ್ತಿದ ಹೂವಿನ ಬಣ್ಣ ಹೋಗಿರುತ್ತದೆ, ಕೊಳವೆ ಚಪ್ಪಟೆಯಾಗಿರುತ್ತದೆ. ಆರ್ಕಿಡ್‌ನ ತುಟಿ ಮಡಚಿಕೊಂಡು ಅಂಟಿರುತ್ತದೆ. ಕಳ್ಳಿಗಳನ್ನಂತೂ ಒತ್ತಲಿಕ್ಕೇ ಆಗದು. ಒಣ ಹೂವೊಂದನ್ನು ಕಿತ್ತು ಬಿಸಿನೀರಿನಲ್ಲಿ ಕೆಲವು ನಿಮಿಷ ಕುದಿಸಿದರೆ ಅದು ಮೆತ್ತಗಾಗಿ ಬಿಡಿಸಿಕೊಳ್ಳುತ್ತದೆ. ಆಗ ಸೂಜಿಯಿಂದ ಎಸಳುಗಳನ್ನು ಸರಿಸಿ ಒಳಗಿನ ರಚನೆ ನೋಡಬಹುದು. ಹೆಚ್ಚು ಕುದಿಸಿದರೆ ತೆಳು ಎಸಳು ಕರಗಿ ಲೋಳೆಯಾಗುತ್ತದೆ. ಲಂಡನ್ನಿನ ಕ್ಯೂ ಸಸ್ಯತೋಟದ ಚಿತ್ರಕಾರ್ತಿ ಮಟಿಲ್ಡಾ ಸ್ಮಿತ್ ಇದರಲ್ಲಿ ಸಿದ್ಧಹಸ್ತರು. ಚಪ್ಪಟೆಯಾದ, ಹರಿದ ಮಾದರಿಯಿಂದಲೂ ಎದ್ದು ನಿಂತ ಹೂವನ್ನು ಬರೆಯುತ್ತಿದ್ದರು. ಅವರಿಗಿಂತ ಮೊದಲು ಅಲ್ಲಿದ್ದ ವಾಲ್ಟರ್ ಹುಡ್ ಫಿಚ್, ಜೋಸೆಫ್ ಹೂಕರ್ ಸಿಕ್ಕಿಮ್‌ನಿಂದ ಕಳಿಸಿದ ಕರಡು ಮತ್ತು ಒಣ ಮಾದರಿಗಳಿಂದ 1849ರಿಂದ 1851ರವರೆಗೆ 30 ರೋಡೋಡೆಂಡ್ರಾನ್ ಹಾಳೆಗಳನ್ನು ಸಿದ್ಧಪಡಿಸಿದರು. ಇಂಥಲ್ಲಿ ನೀವು ಗಮನಿಸಬೇಕಾದದ್ದು ಹೂವಿನ ಭಂಗಿ. ಜೋಲುವ ಹೂವೋ, ತಲೆ ಎತ್ತಿದ ಹೂವೋ ಎಂಬುದನ್ನು ಒಣ ಮಾದರಿ ಹೇಳುವುದಿಲ್ಲ. ಸಂಗ್ರಹಿಸಿದವರು ಬರೆದಿಟ್ಟಿದ್ದರೆ ಸರಿ, ಇಲ್ಲದಿದ್ದರೆ ಅದು ಊಹೆ.

ಕಾಯಬೇಕಾದ ಹೂಗಳೂ ಇವೆ. ಅಮೆಜಾನಿನ ದೈತ್ಯ ನೈದಿಲೆ ವಿಕ್ಟೋರಿಯಾವನ್ನು ಜೋಸೆಫ್ ಪ್ಯಾಕ್ಸ್ಟನ್ ಇಂಗ್ಲೆಂಡಿನ ಚಾಟ್ಸ್‌ವರ್ತ್‌ನಲ್ಲಿ 1849ರ ನವೆಂಬರ್‌ನಲ್ಲಿ ಅರಳಿಸಿದರು. ಅದರ ಹೂ ಮೊದಲ ರಾತ್ರಿ ಬಿಳಿ, ಎರಡನೆಯ ರಾತ್ರಿ ಗುಲಾಬಿ, ಆಮೇಲೆ ನೀರಿಗಿಳಿಯುತ್ತದೆ. ಒಂದೇ ರಾತ್ರಿ ನೋಡಿದವರ ಚಿತ್ರ ಅರ್ಧ ಸತ್ಯ.

ಈಗ ಅಚ್ಚಿನ ಮನೆಗೆ ಹೋಗೋಣ. ಇಲ್ಲಿ ಆಗುವ ಒಂದು ತಪ್ಪು ಬಹಳ ಜನರ ಕಣ್ಣಿಗೆ ಬೀಳುವುದಿಲ್ಲ. ತಾಮ್ರದ ತಗಡಿನ ಮೇಲೆ ಕೊರೆದದ್ದು ಕಾಗದದ ಮೇಲೆ ಕನ್ನಡಿಯ ಬಿಂಬದಂತೆ ಎಡಬಲವಾಗಿ ಮೂಡುತ್ತದೆ. ಕೊರೆಯುವವರು ಮೂಲ ಚಿತ್ರವನ್ನು ಕನ್ನಡಿಯಲ್ಲಿ ನೋಡಿಯೋ, ತೆಳುಕಾಗದಕ್ಕೆ ಎತ್ತಿಕೊಂಡು ಮಗುಚಿಯೋ ಕೊರೆಯದಿದ್ದರೆ ಅಚ್ಚಿನಲ್ಲಿ ಗಿಡ ತಿರುಗಿ ನಿಲ್ಲುತ್ತದೆ. ಬಹುತೇಕ ಹೂಗಳಲ್ಲಿ ಅದರಿಂದ ನಷ್ಟವಿಲ್ಲ. ಬಳ್ಳಿಗಳಲ್ಲಿ ನಷ್ಟವಿದೆ, ಏಕೆಂದರೆ ಯಾವ ಕಡೆಗೆ ಸುತ್ತುತ್ತದೆ ಎಂಬುದು ಆ ಬಳ್ಳಿಯ ಗುಣ. ಕಣಗಿಲೆಯ ಬಳಗದ ಹೂಗಳ ಮೊಗ್ಗನ್ನು ಗಮನಿಸಿ: ಎಸಳುಗಳು ಒಂದರ ಮೇಲೊಂದು ಸುರುಳಿಯಾಗಿ ಒಂದೇ ದಿಕ್ಕಿಗೆ ಸುತ್ತಿಕೊಂಡಿರುತ್ತವೆ. ಮಗುಚಿದ ಅಚ್ಚಿನಲ್ಲಿ ಅದು ವಿರುದ್ಧ ದಿಕ್ಕಿಗೆ ಸುತ್ತಿದ, ಇಲ್ಲದ ಹೂವಾಗುತ್ತದೆ.

ಇಲ್ಲಿ ಮರಿಯಾ ಸಿಬಿಲ್ಲಾ ಮೆರಿಯನ್ ಮಾಡಿದ ಒಂದು ಕೆಲಸ ನೆನಪಾಗುತ್ತದೆ. 1699ರಲ್ಲಿ ದಕ್ಷಿಣ ಅಮೆರಿಕದ ಸುರಿನಾಮ್‌ಗೆ ಹೋಗಿ, 1701ರಲ್ಲಿ ಕಾಯಿಲೆಯಿಂದ ಮರಳಿ, 1705ರಲ್ಲಿ 60 ಹಾಳೆಗಳ ಪುಸ್ತಕ ತಂದರು. ಅದರ ಕೆಲವು ಪ್ರತಿಗಳನ್ನು ಮರುಒತ್ತಿನಿಂದ ತಯಾರಿಸಿದ್ದಾರೆ. ತಗಡಿನಿಂದ ಆಗಷ್ಟೇ ತೆಗೆದ ಹಾಳೆಯ ಮಸಿ ಹಸಿಯಾಗಿರುವಾಗಲೇ ಅದರ ಮೇಲೆ ಇನ್ನೊಂದು ಒದ್ದೆ ಹಾಳೆಯಿಟ್ಟು ಒತ್ತುವುದು. ಎರಡನೆಯ ಹಾಳೆಯಲ್ಲಿ ಚಿತ್ರ ತಗಡಿನಲ್ಲಿ ಕೊರೆದ ದಿಕ್ಕಿಗೇ ಮರಳುತ್ತದೆ. ಗೆರೆಗಳೂ ತೆಳುವಾಗುತ್ತವೆ, ಆದ್ದರಿಂದ ಬಣ್ಣ ಹಾಕಿದ ಮೇಲೆ ಕೈಯಿಂದಲೇ ಬರೆದಂತೆ ಕಾಣುತ್ತದೆ. ಇಂಥ ಪ್ರತಿಯಲ್ಲಿ ತಗಡಿನ ಅಂಚು ಕಾಗದವನ್ನು ಅದುಮಿದ ಗುರುತು ಇರುವುದಿಲ್ಲ. ಅವರ ರತ್ನಗಂಧಿ ಹೂವಿನ ಹಾಳೆಯಲ್ಲಿ ಹೂವಿನ ಜೊತೆ ಹುಳುವೂ ಪತಂಗವೂ ಇವೆ. ಪಕ್ಕದ ಬರಹ ಮಾತ್ರ ಎದೆ ಕಲಕುವಂಥದ್ದು: ತಮ್ಮ ಮಕ್ಕಳೂ ಗುಲಾಮರಾಗಬಾರದೆಂದು ಅಲ್ಲಿನ ಗುಲಾಮ ಹೆಂಗಸರು ಇದರ ಬೀಜದಿಂದ ಗರ್ಭ ಇಳಿಸಿಕೊಳ್ಳುತ್ತಿದ್ದರು, ಅದನ್ನು ತಮಗೆ ಅವರೇ ಹೇಳಿದರು ಎಂದು ಮೆರಿಯನ್ ಬರೆದಿದ್ದಾರೆ. ಅಷ್ಟು ಹತ್ತಿರ ಹೋಗಿ ಕೇಳಿಸಿಕೊಂಡವರ ಚಿತ್ರ ಅದು.

ಬಣ್ಣದ ಮಾತು. ತಾಮ್ರದಚ್ಚು ಕೊಡುವುದು ಗೆರೆ ಮಾತ್ರ. ಬಣ್ಣವನ್ನು ಪ್ರತಿ ಹಾಳೆಗೂ ಕೈಯಲ್ಲೇ ಹಾಕಬೇಕಿತ್ತು. ವಿಲಿಯಂ ಕರ್ಟಿಸ್ 1787ರಲ್ಲಿ ಲಂಡನ್ನಿನಲ್ಲಿ ಶುರುಮಾಡಿದ ಬೊಟಾನಿಕಲ್ ಮ್ಯಾಗಜೀನ್ ತಿಂಗಳಿಗೆ ಮೂರು ಚಿತ್ರ ಕೊಡುತ್ತಿತ್ತು, ಬೆಲೆ ಒಂದು ಶಿಲ್ಲಿಂಗ್. ಎರಡು ಸಾವಿರ ಪ್ರತಿ ಎಂದಿಟ್ಟುಕೊಂಡರೂ ತಿಂಗಳಿಗೆ ಆರು ಸಾವಿರ ಹಾಳೆ. ಮಾದರಿ ಹಾಳೆಯೊಂದನ್ನು ಎದುರಿಗಿಟ್ಟುಕೊಂಡು ಹಸಿರಿನವರು ಹಸಿರು, ಕೆಂಪಿನವರು ಕೆಂಪು ಹಾಕಿ ಮುಂದಕ್ಕೆ ದಾಟಿಸುತ್ತಿದ್ದರು. ಆ ಪತ್ರಿಕೆಯಲ್ಲಿ ಕೈಬಣ್ಣ ನಿಂತದ್ದು 1948ರಲ್ಲಿ. ಆದ್ದರಿಂದ ಒಂದೇ ಸಂಚಿಕೆಯ ಎರಡು ಪ್ರತಿಗಳ ಬಣ್ಣ ಒಂದೇ ಇರಬೇಕಾಗಿಲ್ಲ. ಹೂವಿನ ಬಣ್ಣದ ಬಗ್ಗೆ ವಾದಕ್ಕೆ ಇಳಿಯುವ ಮೊದಲು ಎರಡು ಮೂರು ಪ್ರತಿ ನೋಡಿ. ರೆಡೂಟೆ ಪ್ಯಾರಿಸ್‌ನಲ್ಲಿ ಹಿಡಿದದ್ದು ಬೇರೆ ದಾರಿ. ಗೆರೆಯ ಬದಲು ಸಣ್ಣ ಚುಕ್ಕಿಗಳಲ್ಲಿ ತಗಡನ್ನು ಕೊರೆಸಿ, ಒಂದೇ ತಗಡಿಗೆ ಬಟ್ಟೆಯ ಉಂಡೆಗಳಿಂದ ಬೇರೆ ಬೇರೆ ಬಣ್ಣದ ಮಸಿ ಹಚ್ಚಿ ಒಮ್ಮೆಗೇ ಒತ್ತುವುದು, ಕೊನೆಗೆ ಕುಂಚದಿಂದ ತಿದ್ದುವುದು. 1802ರಿಂದ 1816ರವರೆಗೆ ಬಂದ ಅವರ ಲಿಲ್ಲಿ ಬಳಗದ 486 ಹಾಳೆಗಳ ಎಸಳುಗಳಲ್ಲಿ ಕಪ್ಪು ಅಂಚು ಕಾಣದಿರುವುದಕ್ಕೆ ಇದೇ ಕಾರಣ.

ಕೆಲವು ಹಳೆಯ ಚಿತ್ರಗಳಲ್ಲಿ ಎಲೆಗಳು ನೀಲಿಯಾಗಿರುತ್ತವೆ. ಅಂಥ ಗಿಡವೇ ಇತ್ತೇನೋ ಎಂದುಕೊಳ್ಳಬೇಡಿ. ಹಸಿರನ್ನು ನೀಲಿಗೆ ಹಳದಿ ಬೆರೆಸಿ ಮಾಡುತ್ತಿದ್ದರು. ಗಿಡಗಳಿಂದ ತೆಗೆದ ಹಳದಿ ಬೆಳಕಿಗೆ ಹಾರಿಹೋಗಿ ನೀಲಿ ಉಳಿದಿದೆ. ಕೊಚಿನಿಯಲ್ ಹುಳುವಿನ ಕೆಂಪೂ ಬೆಳಕಿಗೆ ಮಾಸುತ್ತದೆ, ಹಾಗಾಗಿ ಈಗ ತಿಳಿಗುಲಾಬಿಯಾಗಿ ಕಾಣುವ ಹೂ ಒಮ್ಮೆ ಕಡುಗೆಂಪಾಗಿದ್ದಿರಬಹುದು. ಬಿಳಿ ಹೂವಿನ ಅಂಚು ಕಪ್ಪಾಗಿದ್ದರೆ ಅದು ಸೀಸದ ಬಿಳಿ, ಗಾಳಿಯಲ್ಲಿರುವ ಗಂಧಕದ ಅನಿಲ ತಾಗಿ ಕಪ್ಪಾದದ್ದು. ಸಂರಕ್ಷಕರು ಹೈಡ್ರೋಜನ್ ಪೆರಾಕ್ಸೈಡ್‌ನಿಂದ ಅದನ್ನು ಮತ್ತೆ ಬೆಳ್ಳಗಾಗಿಸಬಲ್ಲರು, ಆದರೆ ಮನೆಯಲ್ಲಿ ಮಾಡುವ ಕೆಲಸ ಅದಲ್ಲ. ತೊಗಲಿನ ಮೇಲೆ ಬರೆದ ಚಿತ್ರಗಳಿಗೆ ತೇವದ ಭಯ ಹೆಚ್ಚು. ತೊಗಲು ಉಬ್ಬಿ ಕುಗ್ಗಿದಂತೆ ಮೇಲಿನ ಬಣ್ಣ ಹೆಕ್ಕಳೆ ಏಳುತ್ತದೆ.

ಹಿನ್ನೆಲೆಯನ್ನೂ ಅನುಮಾನದಿಂದ ನೋಡಬೇಕು. ರಾಬರ್ಟ್ ಥಾರ್ನ್‌ಟನ್ ಹೊರತಂದ ಸಂಪುಟದಲ್ಲಿ ಅಮೆರಿಕದ ರಾತ್ರಿ ಅರಳುವ ಕಳ್ಳಿಯ ಹೂವಿದೆ. ಅದರ ಹಿಂದೆ ಬೆಳದಿಂಗಳು, ಇಂಗ್ಲೆಂಡಿನ ಗೋಪುರ, ಗೋಪುರದ ಗಡಿಯಾರದಲ್ಲಿ ಮಧ್ಯರಾತ್ರಿ ದಾಟಿದ ಹೊತ್ತು. ಅರಳುವ ಸಮಯ ಸರಿ, ನೆಲ ಪೂರಾ ಬೇರೆ. ಕೃಷ್ಣಕಮಲದ ಮೊದಮೊದಲ ಚಿತ್ರಗಳಲ್ಲಿ ಹೂವೇ ಬದಲಾಗಿದೆ. 1610ರಲ್ಲಿ ರೋಮ್‌ನಲ್ಲಿ ಜಾಕೊಮೊ ಬೋಸಿಯೊ ಕೊಟ್ಟ ಚಿತ್ರದಲ್ಲಿ ನಡುವಿನ ಎಳೆಗಳು ಕ್ರಿಸ್ತನ ಮುಳ್ಳಿನ ಕಿರೀಟವಾಗಿವೆ, ಅಂಡಾಶಯದ ತುದಿಯಿಂದ ಚಾಚುವ ಮೂರು ಶಲಾಕೆಗಳು ಮೊಳೆಗಳಾಗಿವೆ. ಹೂವಿಗಿಂತ ಮೊದಲು ಹೂವಿನ ಕತೆ ಅವರ ಕೈಗೆ ಬಂದಿತ್ತು.

ಹೊರದೇಶದ ಹೂ ಎಂಬ ಮಾತು ಓದುವವರಿಗೆ ಸಂಬಂಧಿಸಿದ್ದು, ಬರೆದವರಿಗೆ ಅಲ್ಲ. ಕೊಚ್ಚಿಯ ಡಚ್ ಅಧಿಕಾರಿ ವಾನ್ ರೀಡ್ ಅವರ ಮಲಬಾರಿನ ಸಸ್ಯಗಳ ಪುಸ್ತಕ ಹೋರ್ಟಸ್ ಮಲಬಾರಿಕಸ್ 1678ರಿಂದ 1693ರವರೆಗೆ 12 ಸಂಪುಟಗಳಲ್ಲಿ ಆಮ್‌ಸ್ಟರ್‌ಡಾಮ್‌ನಲ್ಲಿ ಅಚ್ಚಾಯಿತು. ಅದರ ಹಿಂದೆ ಇಟ್ಟಿ ಅಚ್ಯುತನ್ ಎಂಬ ವೈದ್ಯರ ತಿಳಿವಳಿಕೆಯಿದೆ. ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ ಎಂಬ ಕೊಂಕಣಿ ಪಂಡಿತರ ದುಡಿಮೆಯಿದೆ. ಗಿಡದ ಹೆಸರನ್ನು ಚಿತ್ರದ ತಗಡಿನಲ್ಲೇ ಮಲಯಾಳಂ ಲಿಪಿಯಲ್ಲೂ ಕೊರೆದಿದ್ದಾರೆ. ಮದ್ರಾಸ್ ಪ್ರಾಂತ್ಯದಲ್ಲಿ ಸಸ್ಯಶಾಸ್ತ್ರಜ್ಞ ರಾಬರ್ಟ್ ವೈಟ್ ಅವರಿಗಾಗಿ ರಂಗಯ್ಯ ಮತ್ತು ಗೋವಿಂದು ಬರೆದರು. 1838ರಿಂದ 1853ರವರೆಗೆ ಬಂದ ವೈಟ್ ಅವರ ಚಿತ್ರಮಾಲೆಯಲ್ಲಿ 2,101 ಹಾಳೆಗಳಿವೆ. ರಂಗಯ್ಯನವರ ಹೆಸರಿನಲ್ಲಿ ರುಂಗಿಯಾ ಎಂಬ ಸಸ್ಯಕುಲ ಇವತ್ತಿಗೂ ಇದೆ. ಗೋವಿಂದು ಅವರ ಹೆಸರನ್ನು ವೈಟ್ ಒಂದು ಆರ್ಕಿಡ್ ಕುಲಕ್ಕೆ ಇಟ್ಟಿದ್ದರು.

ಲಿನೇಯಸ್ ಇಟ್ಟ ಎಷ್ಟೋ ಹೆಸರುಗಳಿಗೆ ಆಧಾರ ಒಣಗಿದ ಮಾದರಿಯಲ್ಲ, ಇಂಥ ಚಿತ್ರ. ವಾನ್ ರೀಡ್ ಅವರ ಹಲವು ಹಾಳೆಗಳು, ಕೆರಿಬಿಯನ್ ದ್ವೀಪಗಳಲ್ಲಿ ಷಾರ್ಲ್ ಪ್ಲುಮಿಯೆ ಬರೆದ ಕೆಲವು ಚಿತ್ರಗಳು ಆಯಾ ಹೆಸರಿನ ಮೂಲಮಾದರಿಗಳಾಗಿ ನಿಂತಿವೆ. ಆ ಹೆಸರು ಯಾವ ಗಿಡಕ್ಕೆ ಸಲ್ಲಬೇಕು ಎಂಬ ತಕರಾರು ಬಂದರೆ ಸಸ್ಯಶಾಸ್ತ್ರಜ್ಞರು ತೆರೆಯುವುದು ಆ ಹಾಳೆಯನ್ನೇ. ಎಲೆಯ ಬುಡ, ಕೇಸರದ ಎಣಿಕೆ, ಕಾಯಿಯ ಸೀಳು ಎಷ್ಟು ನಿಖರವಾಗಿ ಬರೆದಿದೆ ಎಂಬುದರ ಮೇಲೆ ಅಲ್ಲಿನ ತೀರ್ಮಾನ.

ಕೊನೆಯದಾಗಿ, ಬಣ್ಣ ಆ ಕಾಲದ್ದೋ, ಮಾರುವವರು ಇತ್ತೀಚೆಗೆ ಹಾಕಿಸಿದ್ದೋ ಎಂದು ತಿಳಿಯುವ ಬಗೆ. ಹಾಳೆಯನ್ನು ಮಗುಚಿ ಹಿಂಬದಿ ನೋಡಿ. ಆಗಿನ ಹಸಿರುಗಳಲ್ಲಿ ಒಂದು ತಾಮ್ರದ ಕಿಲುಬಿನದು. ಅದು ವರ್ಷಗಳು ಕಳೆದಂತೆ ಕಾಗದವನ್ನು ತಿನ್ನುತ್ತದೆ, ಎಲೆಯ ಆಕಾರ ಹಿಂಬದಿಯಲ್ಲಿ ಕಂದು ನೆರಳಾಗಿ ಮೂಡುತ್ತದೆ. ಆ ನೆರಳು ಕಂಡರೆ ಬಣ್ಣ ಹಳೆಯದು ಎನ್ನಲು ಒಳ್ಳೆಯ ಆಧಾರ. ಕಾಣದಿದ್ದರೆ ಹೊಸದು ಎಂದು ಕೂಡಲೇ ತೀರ್ಮಾನಿಸಬೇಡಿ, ನೀಲಿ ಹಳದಿ ಬೆರೆಸಿದ ಹಸಿರು ಹಾಗೆ ತಿನ್ನುವುದಿಲ್ಲ. ಆಗ ಮಡಿಕೆಗಳನ್ನೂ ಹುಳು ಕೊರೆದ ತೂತುಗಳನ್ನೂ ಮಸೂರದಲ್ಲಿ ನೋಡಿ. ತೂತಿನ ಒಳ ಅಂಚಿಗೂ ಮಡಿಕೆಯ ಬಿರುಕಿಗೂ ಬಣ್ಣ ಇಳಿದಿದ್ದರೆ, ಕಾಗದ ಹಳೆಯದಾದ ಮೇಲೆ ಕುಂಚ ಬಂದಿದೆ.